ಹಾಡಿನಲ್ಲಿ ಇಲ್ಲದ ಎಂಟನೆಯವನು

ಕೊಯ್ಲು ಮುಗಿದ ವಾರ. ಬೆಲ್ಟ್ ಕಳಚಿ ಗಿರಣಿ ನಿಂತಿದ್ದರಿಂದ, ಚೀಲಗಳ ಸಾಲಿನಲ್ಲಿದ್ದವರ ಮಾತೆಲ್ಲ ಗಿರಣಿಯವನ ಕಿವಿಗೆ ಬೀಳುತ್ತಿತ್ತು. ಯುದ್ಧದ ಹಾಡಿನಿಂದ ಹೆಸರಾದ ಹಾಡುಗಾರನನ್ನು ಒಬ್ಬ ಮುದುಕಿ ತಡೆದು ನಿಲ್ಲಿಸಿದ್ದಳು.

“ಸೇತುವೆ ಕಾದು ಸತ್ತವರು ಏಳು ಜನ ಅಂತ ಹಾಡ್ತೀಯಲ್ಲಪ್ಪ, ಅವರು ಎಂಟು ಜನ. ಎಂಟನೆಯವನು ಅವರ ಅಡುಗೆಯವನು, ನನ್ನ ತಮ್ಮ.”

“ಬಂದೂಕು ಹಿಡಿದವರನ್ನಷ್ಟೇ ಎಣಿಸಿದ್ದೆ ಅಜ್ಜಿ. ಸ್ಮಾರಕದ ಕಲ್ಲಲ್ಲೂ ಏಳೇ ಹೆಸರಿದೆ.”

“ಕಲ್ಲು ನಿಲ್ಲಿಸಿದ್ದು ನಿನ್ನ ಹಾಡು ಊರೆಲ್ಲ ಹಬ್ಬಿದ ಮೇಲೆ. ಎಂಟನೇ ಹೆಸರು ಕೊಡೋಕೆ ಹೋದ್ರೆ, ಹಾಡಲ್ಲಿ ಏಳೇ ಇದೆಯಲ್ಲಮ್ಮ ಅಂತ ನನ್ನನ್ನೇ ವಾಪಸ್ ಕಳಿಸಿದ್ರು.”

“ಮಕ್ಕಳ ಬಾಯಲ್ಲೂ ಹಾಗೇ ಕೂತಿದೆ. ಈಗ ಬದಲಾಯಿಸಿದ್ರೆ ಜನ ನಗ್ತಾರೆ.”

“ಏಳು ಅನ್ನೋ ಕಡೆ ಎಂಟು ಅಂದ್ರೆ ರಾಗಕ್ಕೇನು ಜ್ವರ ಬರುತ್ತಾ? ಆ ಏಳೂ ಜನಕ್ಕೆ ಕೊನೇ ಊಟ ಬಡಿಸಿದವನಪ್ಪ ಅವನು.”

“ನಾಳೆ ಊರ ಸಭೆಯಲ್ಲಿ ಹಾಡೋವಾಗ ನೋಡೋಣ ಬಿಡಜ್ಜಿ.”

“ನೋಡೋದೇನು? ಮೊದಲ ಸಾಲಲ್ಲೇ ಕೂತಿರ್ತೀನಿ. ನೀನು ಏಳು ಅಂದ್ರೆ ನಾನು ಎದ್ದು ನಿಂತು ಎಂಟು ಅಂತ ಕೂಗ್ತೀನಿ. ನಗೋರು ಆಗ ನಗಲಿ.”

ಹೊರಡಲಿದ್ದ ಹಾಡುಗಾರ ಮತ್ತೆ ಅವಳತ್ತ ತಿರುಗಿದ.

“ಹೆಸರೇನಜ್ಜಿ ಅವನದು?”

“ಈಗ ಕೇಳ್ದೆ ನೋಡು. ಬಾ, ಹೇಳ್ತೀನಿ.” ಗಿರಣಿಯವನತ್ತ ತಿರುಗಿ, “ನನ್ನ ಚೀಲ ನೋಡ್ಕೊಳಪ್ಪ” ಎಂದು ಹಾಡುಗಾರನನ್ನು ಕರೆದುಕೊಂಡು ಹೊರಗೆ ನಡೆದಳು.

ಬೆಲ್ಟ್ ಏರಿಸುತ್ತಿದ್ದ ಗಿರಣಿಯವನ ಬಾಯಿಗೆ ಅಭ್ಯಾಸಬಲದಿಂದ ಆ ಹಾಡೇ ಬಂತು. ಏಳು ಎನ್ನಬೇಕಾದಲ್ಲಿ ನಾಲಿಗೆ ತಡವರಿಸಿತು.