ಒಂದೇ ಫ್ಲಾಪಿಯಲ್ಲಿ ನಾಲ್ಕು ಸಾವಿರ ಹೆಸರು

ವೇದಿಕೆಯ ಹಿರಿಯರೇ, ವಡಾಲಾದ ಕನ್ನಡ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಜಯಸಿಂಹ ಅವರ ಶ್ರೀಮತಿ ರಮಾಮಣಿ ಅಕ್ಕನವರೇ — ನಮಸ್ಕಾರ. ನಾನು ಶಂಕ್ರೆಪ್ಪ. ಬಾಂದ್ರಾದ ಆಫೀಸಿನಲ್ಲಿ ಜಯಸಿಂಹ ಅವರ ಎದುರಿನ ಕುರ್ಚಿಯಲ್ಲಿ ಹದಿನಾಲ್ಕು ವರ್ಷ ಕುಳಿತವನು. ಭಾಷಣ ಬಾರದವನು. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಸಂಘದ ರಕ್ತದಾನಿಗಳ ಪಟ್ಟಿ ನಿಮಗೆ ಗೊತ್ತು. ನಾಲ್ಕು ಸಾವಿರ ಹೆಸರು. ಎಂಬತ್ತೊಂಬತ್ತರಲ್ಲಿ ಜಯಸಿಂಹ ಅದನ್ನು ತಮ್ಮ ಮನೆಯ ಕಂಪ್ಯೂಟರಿಗೆ ಹಾಕಿದರು. ಅದಕ್ಕೆ ಹಾರ್ಡ್ ಡಿಸ್ಕ್ ಇರಲಿಲ್ಲ. ಪಟ್ಟಿ ಮೂರು ಫ್ಲಾಪಿ ಹಿಡಿಯಿತು. ಒಂದು ದಿನ ಆಸ್ಪತ್ರೆಯವರು ಫೋನಿಲ್ಲದ ಜಯಸಿಂಹ ಅವರ ಪಕ್ಕದ ಮನೆಗೆ ಫೋನ್ ಮಾಡಿದರು — ಬಿ ನೆಗೆಟಿವ್ ಬೇಕು. ಜಯಸಿಂಹ ಎರಡು ಫ್ಲಾಪಿಗಳಲ್ಲಿ ಹುಡುಕಿದರು. ಇಲ್ಲ. ಮೂರನೆಯದು ಎಲ್ಲಿತ್ತು? ಪ್ರಿಂಟ್ ತೆಗೆಸುತ್ತೇನೆಂದು ಒಯ್ದ ನನ್ನ ಚೀಲದಲ್ಲಿ. ದೂರದ ಬೊರಿವಲಿಯ ನನ್ನ ಮನೆಯಲ್ಲಿ. ದೇವರ ದಯೆ, ರೋಗಿಗೆ ಬೇರೆ ಯಾರೋ ಸಿಕ್ಕರು.

ಜಯಸಿಂಹ ಬೈಯಲಿಲ್ಲ. "ಶಂಕ್ರೆಪ್ಪನವರೇ, ಎಲ್ಲಾ ಒಂದೇ ಫ್ಲಾಪೀಲಿ ಇರ್ಬೇಕು," ಎಂದರು, ಅಷ್ಟೇ.

ನಾನು ದೊಡ್ಡ ಬುದ್ಧಿವಂತ. "ಪಕ್ಕದ ಮನಿಯವರ ಹೆಸರು, ಅವರ ಫೋನ್ ನಂಬರ — ಅದೊಂದ್ ಕಾಲಂ ತಗದ್ ಬಿಡ್ರಿ ಸರ. ಹಗುರ ಆಕ್ಕೈತಿ," ಎಂದೆ.

ಕನ್ನಡಕ ತೆಗೆದು — ಹೀಗೆ — ನನ್ನನ್ನೇ ನೋಡಿದರು. "ನಿಮ್ಮನೇಲಿ ಫೋನ್ ಇದ್ಯೇನ್ರೀ?"

ಇಲ್ಲ. ನನಗೆ ಕರೆ ಬಂದರೆ ಪಕ್ಕದ ಗುರುಬಾಯಿ ಗೋಡೆ ಬಡಿಯಬೇಕು.

"ಮತ್ತೆ? ಆ ಕಾಲಂ ತೆಗೆದ್ರೆ ನಿಮ್ಮನ್ನೇ ತೆಗೆದಂಗಾಯ್ತು."

ಆಮೇಲೆ ಆ ಮನುಷ್ಯ ಮಾಡಿದ್ದು ಇವತ್ತಿಗೂ ನನ್ನ ಬುದ್ಧಿಗೆ ಎಟುಕುವುದಿಲ್ಲ. ಪಟ್ಟಿಯಲ್ಲಿ ಬೊರಿವಲಿ ಐನೂರು ಸಲ ಇತ್ತು. ಒಂದೇ ಸಲ ಬರೆದು ಅದಕ್ಕೊಂದು ನಂಬರು ಕೊಟ್ಟರು. ಉಳಿದ ಕಡೆಯೆಲ್ಲ ಆ ನಂಬರೇ. ಬಿಲ್ಡಿಂಗಿಗೆ ಒಂದು, ಸಾಲುಮನೆಗಳ ಚಾಳಿಗೆ ಒಂದು. ಹೆಸರುಗಳ ಹಿಂದೆ ಉಳಿದ ಖಾಲಿ ಜಾಗವನ್ನು ಒದ್ದೆ ಬಟ್ಟೆಯಂತೆ ಹಿಂಡಿದರು. ನಾಲ್ಕು ತಿಂಗಳ ಭಾನುವಾರಗಳು, ಸ್ವಾಮೀ. ಕೊನೆಗೆ ಒಂದೇ ಫ್ಲಾಪಿ ಕೈಗಿಟ್ಟರು. ನಾನು ನಂಬಲಿಲ್ಲ. ಗುರುಬಾಯಿಯ ಹೆಸರು ಹುಡುಕಿ ನೋಡಿದೆ — ಬಿಲ್ಡಿಂಗು, ಮಹಡಿ, ಫೋನು, ಎಲ್ಲ ಬಿಚ್ಚಿಕೊಂಡು ಬಂತು. ಒಂದಕ್ಷರ ಕಳೆದಿರಲಿಲ್ಲ.

ಕಳೆದ ವರ್ಷ ನನ್ನ ಹೆಂಡತಿ ದಾನವ್ವನಿಗೆ ಹೆರಿಗೆಯಲ್ಲಿ ರಕ್ತ ಬೇಕಾಯಿತು. ಆ ಫ್ಲಾಪಿಯಿಂದ ಸಿಕ್ಕವರು ಸಿದ್ದಲಿಂಗಪ್ಪನವರು — ಅಗೋ, ಬಾಗಿಲ ಹತ್ತಿರ ನಿಂತಿದ್ದಾರೆ. ಅವರ ಮನೆಯಲ್ಲೂ ಫೋನ್ ಇರಲಿಲ್ಲ. ಪಕ್ಕದ ಮನೆಯವರು ಕೂಗಿ ಕರೆದರು, ಇವರು ಓಡಿ ಬಂದರು. ನಾನು ತೆಗೆದುಹಾಕಿ ಎಂದಿದ್ದು ಅದೇ ಕಾಲಂ ಅನ್ನು. ನನ್ನ ಮಗಳು ಈಗ ಗೋಡೆ ಹಿಡಿದು ನಡೆಯುತ್ತಾಳೆ.

ಮೊನ್ನೆ ಪಟ್ಟಿಯಿಂದ ಜಯಸಿಂಹ ಅವರ ಹೆಸರು ಅಳಿಸಲು ಅವರ ಮನೆಗೇ ಹೋಗಿ ಕುಳಿತೆ. ತೀರಿಕೊಂಡವರಿಗೆ ಕರೆ ಹೋಗಬಾರದು. ಅದು ಅವರೇ ಮಾಡಿದ ನಿಯಮ. ಕೈ ಬರಲಿಲ್ಲ. ರಮಾಮಣಿ ಅಕ್ಕ ಬಂದು ಹಿಂದೆ ನಿಂತರು.

"ಸಾಲು ಅಳಿಸ್ಬೇಡಿ. ಹೆಸರು ಮಾತ್ರ ಬದಲಾಯ್ಸಿ. ನಂದೂ ಅದೇ ಗ್ರೂಪು," ಎಂದರು.

ಬದಲಾಯಿಸಿದೆ. ಮನೆ ಅದೇ, ಪಕ್ಕದ ಮನೆಯ ನಂಬರೂ ಅದೇ.

ಖಾಲಿ ಜಾಗ ಎಳ್ಳಷ್ಟೂ ಬಿಡದ ಮನುಷ್ಯನಿಗಾಗಿ ಒಂದು ನಿಮಿಷವನ್ನು ಖಾಲಿ ಬಿಡೋಣ. ದಯವಿಟ್ಟು — ಎಲ್ಲರೂ ಎದ್ದು ನಿಲ್ಲಿ.