ಏಳರ ಬಸ್ಸು

…ಬಸ್ ತಪ್ಪಿತ್ತಂತ! ಯಾವ ಬಸ್ಸಲೇ, ಶಿವಕಾಂತಾ? ಮಾರಿ ಮ್ಯಾಲ ಮಾಡು. ಆ ಕೇರೋ ಮರ ಕೆಳಗಿಡು, ತೊಗರಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಬೀದರದಿಂದ ಭಾಲ್ಕಿ, ಭಾಲ್ಕಿಯಿಂದ ನಿಮ್ಮ ಖಟಕ ಚಿಂಚೋಳಿ, ಎರಡು ಬಸ್ ಬದಲಿಸಿ ಬಂದೇನಿ. ನಿನ್ನ ತೊಗರಿ ಹಸನ ಮಾಡೋದು ನೋಡ್ಲಿಕ್ಕ ಬಂದಿಲ್ಲ. ಇವತ್ತ ಐತವಾರ, ಗೊತ್ತದ ಇಲ್ಲ? ಚರ್ಚ್ ಬಿಟ್ಟು ಬಂದೇನಿ. ಮಮ್ಮಿಗಿ ತಲಿನೋವು ಅಂತ ಸುಳ್ಳು ಹೇಳಿದೆ, ಅಕಿ ನರ್ಸ್, ಹಣಿ ಮುಟ್ಟಿ ನೋಡಿ ಒಬ್ಬಾಕಿನೇ ಚರ್ಚಿಗಿ ಹೋದ್ಳು…

ಇರ್ಲಿ. ನಂಗ ಹೇಳು. ಆ ಶನಿವಾರ ಮುಂಜಾನಿ ಏಳರ ಬಸ್ ನಿಂಗ ಹ್ಯಾಂಗ ತಪ್ತು?

ಬಾಗಲ ಕಡಿ ನೋಡಬ್ಯಾಡ. ನಿಮ್ಮವ್ವ ಗಿರಣಿಗಿ ಹೋಗ್ಯಾರ, ನಿಮ್ಮಪ್ಪ ಬಸವಣ್ಣೆಪ್ಪ ಕಾಕಾ ಹೊಲಕ್ಕ ಹೋಗ್ಯಾರ, ಇಲ್ಲಿ ನಾವಿಬ್ರೇ. ನಾ ಜೋರಾಗೇ ಮಾತಾಡ್ತೇನಿ. ಎಂಟು ದಿನದಿಂದ ಗಂಟಲದಾಗ ಹಿಡಕೊಂಡು ಕುಂತೇನಿ.

ಈಗ ಬರೋ ಮುಂದ ಕಂಡಕ್ಟರ್‌ಗ ಕೇಳ್ದೆ. ಏನಂದ ಗೊತ್ತೇನು? “ಆ ಎತ್ತರಾ ಹುಡುಗಿ ಏನ್ರಿ? ಚೆಂಡಿನ ಆಟದಾಕಿ? ಅಕಿನ್ನ ಬಿಟ್ಟು ಹ್ಯಾಂಗ ಹೋಗ್ತೇವ್ರಿ? ತಡಾ ಆದ್ರ ಡ್ರೈವರ್ ಎರಡು ಸಲ ಹಾರ್ನ್ ಹೊಡೀತಾನ. ಆ ಶನಿವಾರ ಅಕಿ ಏಳಕ್ಕ ಬಂದೇ ಇಲ್ರಿ. ಹನ್ನೊಂದರ ಬಸ್ಸಿಗಿ ಬಂದಾಳ, ಆರಾಮಾಗಿ, ಜಡಿ ಹಾಕ್ಕೊಂಡು. ಗೆದ್ದು ಬಂದ್ರ ಪೇಢಾ ತಿನಸ್ತೇನಿ ಅಂದಿದ್ಳು.”

ಪೇಢಾ!

ಬಸ್ ತಪ್ಪಿದಾಕಿ ಹಾಂಗ ಬರ್ತಾಳೇನಲೇ? ಜಡಿ ಹಾಕ್ಕೊಂಡು, ಪೇಢಾದ ಮಾತು ಹೇಳ್ಕೋತ? ಮತ್ತ ನಮ್ಮ ಕೋಚ್ ಮೇಡಂ ಮುಂದ ಯಾಕ ಅಂದಿ, “ಏಳರ ಬಸ್ ತಪ್ತುರಿ, ನಂದೇ ತಪ್ಪುರಿ” ಅಂತ? ಯಾರ ಕೇಳಿದ್ರು ನಿಂಗ ಆ ಸುಳ್ಳು?

ಯಾಕ ನಗ್ತಿ? ನಗಬ್ಯಾಡ. ನಗಬ್ಯಾಡಂದೆ!

ಬಾಸ್ಕೆಟ್‌ಬಾಲ್ ಫೈನಲ್ ಮ್ಯಾಚ್ ಸೋತೇವಿ ನಾವು. ಮೂರು ಪಾಯಿಂಟಿಲೆ. ನಮ್ಮ ಕಾಲೇಜಿನ ಕೋರ್ಟಿನ್ಯಾಗ, ನಮ್ಮ ಮಂದಿ ಮುಂದ. ಚೆಂಡು ರಿಂಗಿಗಿ ಬಡದು ವಾಪಸ್ ಬರ್ತಿತ್ತು, ಕೆಳಗ ನಮ್ಮಾಕಿ ಒಬ್ಬಾಕಿನೂ ಇಲ್ಲ. ಕಲಬುರಗಿ ಹುಡುಗ್ಯಾರು ಮನಿ ಮಾಳಗಿ ಮ್ಯಾಲಿಂದ ಹಪ್ಪಳ ತಗೊಂಡಂಗ ತಗೊಂಡು ಹೋದ್ರು. ನೀ ಇದ್ರ ಆ ಚೆಂಡು ಅವರ ಕೈಗಿ ಸಿಗ್ತಿತ್ತೇನು? ಎಲ್ಲರೂ ಬಂದಿದ್ರು, ನೀ ಒಬ್ಬಾಕಿ ಇಲ್ಲ. ಆಯೆಶಾ ಔರಾದಿಂದ ಬಂದಾಳ. ಅಕಿ ಅಣ್ಣ ನಸುಕಿನ್ಯಾಗ ಬೈಕ್ ಮ್ಯಾಲ ಕರ್ಕೊಂಡು ಬಂದ, ಇಳಿಯೋ ಮುಂದ ಅಕಿ ಬೆರಳು ಥಂಡಿಗಿ ಮಡಚ್ಲಿಕ್ಕ ಬರ್ತಿರಲಿಲ್ಲ. ಶೀತಲ ಕಮಠಾಣದಿಂದ ಹಾಲಿನ ಗಾಡ್ಯಾಗ ಬಂದ್ಳು. ಸುವರ್ಣಾ ಭಾಲ್ಕಿಯಿಂದ, ಶೈನಿ ಮನ್ನಳ್ಳಿಯಿಂದ. ಯಾರೂ ಬಸ್ ತಪ್ತು ಅನ್ಲಿಲ್ಲ. ಎಲ್ಲರಿಗೂ ಶುಕ್ರವಾರ ಸಂಜಿನೇ ಗೊತ್ತಿತ್ತು. ಮೂರಕ್ಕ ಇದ್ದ ಮ್ಯಾಚ್ ಹತ್ತಕ್ಕ ಆಗ್ಯಾದ ಅಂತ ಎಲ್ಲರಿಗೂ ಫೋನ್ ಹೋಗಿತ್ತು…

ಏನು ನೋಡ್ತಿ ಹಾಂಗ?

ಹೋಗಿತ್ತು. ಖುರ್ಷಿದ ಮೇಡಂ ನನ್ನ ಕೈಯಾಗ ಚೀಟಿ ಕೊಟ್ಟಿದ್ರು. ಹೆಸರಿನ ಮುಂದ ಊರು ಬರದಿದ್ರು, ಯಾರಿಗೆ ಯಾವ ಬಸ್ ಅಂತ ಲೆಕ್ಕ ಹಾಕ್ಲಿಕ್ಕ. “ಜೂಲಿ, ನೀ ಕ್ಯಾಪ್ಟನ್. ಗ್ರೂಪಿನ್ಯಾಗ ಹಾಕಿ ಕೈ ತೊಳಕೋಬ್ಯಾಡ. ಒಬ್ಬೊಬ್ಬರಿಗೂ ನೀನೇ ಫೋನ್ ಹಚ್ಚು. ದೂರ ಊರಿನವರಿಗಿ ಮೊದಲ ಹಚ್ಚು” ಅಂದ್ರು. ಗ್ರೂಪಿನ್ಯಾಗ ಇಲ್ಲದಾಕಿ ನೀ ಒಬ್ಬಾಕಿ. ನಿಮ್ಮ ಮನ್ಯಾಗ ಕಾಕಾನ ಆ ಬಟನ್ ಫೋನ್ ಒಂದೇ. ಮತ್ತ ನಿಮ್ಮೂರಾಗ ಸಿಗ್ನಲ್ ಅಂದ್ರ ದೇವರಿದ್ದಂಗ, ಒಮ್ಮಿ ಅದ ಒಮ್ಮಿ ಇಲ್ಲ… ಹಚ್ಚಿದ್ರೂ ಹತ್ತಂಗಿಲ್ಲ… ನಾ ಹಚ್ಚಿದ್ದೆ… ಒಮ್ಮಿ…

ಸಿಗ್ನಲ್ ಬಿಡು. ನಾ ಬೇರೆ ಮಾತಿಗಿ ಬಂದೇನಿ.

ನಿನ್ನಿ ಬೋರ್ಡಿಗಿ ಯೂನಿವರ್ಸಿಟಿ ಟೀಮಿನ ಲಿಸ್ಟ್ ಹಚ್ಚಿದ್ರು. ನಮ್ಮ ಕಾಲೇಜಿಂದ ಒಂದೇ ಹೆಸರು. ಜೂಲಿ ಪ್ರಭುದಾಸ, ಬೀದರ. ಆ ಫೈನಲ್ ನೋಡೇ ಆರಸ್ಯಾರ. ನಿನ್ನ ಹೆಸರಂತೂ ಮೇಡಂ ಆ ದಿನಾನೇ ಕಾಟು ಹಾಕಿದ್ರು. “ಶಿಸ್ತು ಇಲ್ಲದಾಕಿ ಎಷ್ಟು ಎತ್ತರ ಇದ್ರೇನು ಮಾಡೋದದ” ಅಂದ್ರು. ನೀ ಕೇಳಕೋತ ನಿಂತಿ, ಜರ್ಸಿ ತಗದು ಕೊಟ್ಟಿ, ಹೊಂಟಿ. ಎಂಟು ದಿನ ಗ್ರೌಂಡಿಗಿ ಕಾಲಿಡ್ಲಿಲ್ಲ. ಮತ್ತ ನಿನ್ನಿ ಶೀತಲಳ ಕೈಲೆ ಏನು ಹೇಳಿ ಕಳಿಸ್ದಿ? “ಜೂಲಿಗಿ ಹೇಳು, ನಂಗ ಖುಷಿ ಆತು.”

ಖುಷಿ ಆತಂತ! ಯಾವ ಖುಷಿಲೇ? ಬೈಬೇಕಿತ್ತು ನೀ! ಬಂದು ನನ್ನ ಕೂದಲ ಹಿಡದು ಎಳದಾಡಬೇಕಿತ್ತು! ನಂಗ ಸಿಟ್ಟು ಬಂದದ, ಶಿವಕಾಂತಾ. ಇಡೀ ರಾತ್ರಿ ಸಿಟ್ಟು. ನೀ ದೊಡ್ಡಾಕಿ ಆಗಿ, ನನ್ನ ಸಣ್ಣಾಕಿ ಮಾಡಿ ಇಟ್ಟಿ. ಯಾರ ಕೇಳಿದ್ರು ನಿನ್ನ ದೊಡ್ಡಸ್ತಿಕಿ?

ಮತ್ತ ಮರ ಕೈಗಿ ತಗೊಂಡಿ.

ಹೂಂ. ಕೇರು. ಕೇರ್ಕೋತನೇ ಕೇಳು.

ನಾ ಫೋನ್ ಹಚ್ಚಲಿಲ್ಲ.

ಒಮ್ಮಿನೂ ಹಚ್ಚಲಿಲ್ಲ. ಔರಾದಿಗಿ ಹಚ್ಚಿದೆ, ಭಾಲ್ಕಿಗಿ ಹಚ್ಚಿದೆ, ಕಮಠಾಣಕ್ಕ, ಮನ್ನಳ್ಳಿಗಿ. ನಿನ್ನ ಹೆಸರಿನ ಮ್ಯಾಲ ಬೆರಳಿಟ್ಟು ಕುಂತೆ. ನಂಬರ್ ನಂಗ ಬಾಯಿಪಾಠ ಅದ. ಏಳಾಯ್ತು, ಎಂಟಾಯ್ತು. ಊಟಾ ಆದಮ್ಯಾಲ ಹಚ್ಚಿದ್ರಾತು ಅಂದೆ. ಊಟಾ ಆಯ್ತು. ಈಗ ಮಲಗಿರ್ತಾರ, ಮುಂಜಾನಿ ಹಚ್ಚಿದ್ರಾತು ಅಂದೆ. ಮುಂಜಾನಿ ಐದಕ್ಕ ಎಚ್ಚರ ಆಯ್ತು. ಫೋನ್ ದಿಂಬಿನ ಕೆಳಗ ಇತ್ತು. ಗಡಿಯಾರ ನೋಡ್ಕೋತ ಹಾಸಿಗ್ಯಾಗ ಬಿದ್ದಿದ್ದೆ. ಏಳು ಹೊಡೀತು. ಬಸ್ ಹೋಯ್ತು ಅಂತ ಮನಸ್ಸಿನ್ಯಾಗ ಅಂದೆ. ಆಮ್ಯಾಲ ಎದ್ದು ಹಲ್ಲುಜ್ಜಿದೆ.

ಯಾಕ ಅಂತ ಕೇಳಂಗಿಲ್ಲೇನು? ಕೇಳು!

ಸೆಮಿಫೈನಲ್ ದಿನ ನಮ್ಮ ಮಮ್ಮಿ ಡ್ಯೂಟಿ ಬದಲಿಸಿ ನೋಡ್ಲಿಕ್ಕ ಬಂದಿದ್ಳು. ಮೂರು ವರ್ಷದಾಗ ಮೊದಲ ಸಲ. ನಾ ಮಮ್ಮಿ ಕಡಿ ನೋಡ್ಕೋತನೇ ಆಡಿದೆ. ಕಡೀ ನಿಮಿಷದಾಗ ಪಾಸ್ ಕೊಟ್ಟಾಕಿ ನಾ, ಹಾಕಿದಾಕಿ ನೀ. ಗೆದ್ದೇವಿ. ನಮ್ಮ ಮಮ್ಮಿ ಕುರ್ಚಿ ಮ್ಯಾಲ ಎದ್ದು ನಿಂತು ಒದರಿದ್ಳು… “ಶಿವಕಾಂತಾ!” ಅಂತ. ಎರಡು ಕೈ ಮ್ಯಾಲ ಮಾಡಿ. “ಶಿವಕಾಂತಾ! ಶಿವಕಾಂತಾ!” ನಾ ಬಾಜೂಕೇ ನಿಂತಿದ್ದೆ.

ನಾ ಆರನೇತ್ತೆಯಿಂದ ಆಡ್ತೇನಿ. ನಮ್ಮ ಓಣ್ಯಾಗ ಗ್ವಾಡಿಗಿ ಕಬ್ಬಿಣದ ರಿಂಗ್ ಬಡದು ಕೊಟ್ಟಿದ್ರು ಪಪ್ಪಾ. ನೀ ಬಂದದ್ದು ಹೋದ ವರ್ಷ. ಚೆಂಡು ಹ್ಯಾಂಗ ಹಿಡೀಬೇಕು ಅಂತ ಕಲಿಸಿದಾಕಿ ನಾ! ಮೊದಲ ದಿನ ನೀ ಚೆಂಡು ಕಂಕುಳಾಗ ಹಿಡಕೊಂಡು ಓಡಿದಿ, ಎಲ್ಲರೂ ನಕ್ರು, ನಾ ನಗಲಿಲ್ಲ. ಅದೂ ಖರೇನೇ… ನಾ ನಗಲಿಲ್ಲ.

ಅಷ್ಟಕ್ಕೇ ಇದು ಮುಗಿದಿದ್ರ ನಾ ಇವತ್ತ ಬರ್ತಿರಲಿಲ್ಲ. ನೀ ಯಾರಿಗೂ ಹೇಳಲಿಲ್ಲಂದ್ರ ನಾನೂ ಬಾಯಿ ಮುಚ್ಚಿಕೊಂಡು ಇದ್ದುಬಿಡ್ತಿದ್ದೆ. ಇನ್ನೊಂದು ಅದ. ಅದು ನಿಂಗ ಗೊತ್ತದ. ಗೊತ್ತಿದ್ದೇ ಸುಮ್ನ ಕುಂತಿ.

ನೀ ಗೇಟಿನ್ಯಾಗ ಬಂದಾಗ ಒಂದೂವರಿ. ನಾವು ಸಾಮಾನು ಕಟ್ಟತಿದ್ವಿ. ಕಲಬುರಗಿಯವರು ಕಪ್ ಹಿಡಕೊಂಡು ಫೋಟೋ ತಗೀತಿದ್ರು. ನೀ ಅವರನ್ನ ನೋಡ್ದಿ, ನಮ್ಮನ್ನ ನೋಡ್ದಿ. ಮೇಡಂ ನಿನ್ನ ಮ್ಯಾಲ ಹರಿಹಾಯ್ದ್ರು. ಆಮ್ಯಾಲ ನನ್ನ ಕಡಿ ತಿರುಗಿ, “ಜೂಲಿ, ಇಕಿಗಿ ಫೋನ್ ಹಚ್ಚಿದ್ದಿ ಇಲ್ಲ?” ಅಂದ್ರು. ನಾ ಬರೀ ಹೂಂ ಅಂದಿದ್ರ ಆಗ್ತಿತ್ತು. ನನ್ನ ಬಾಯಿ ಸುಮ್ನಿರಲಿಲ್ಲ. “ಹಚ್ಚಿದ್ದೇರಿ ಮೇಡಂ. ಅವರಪ್ಪ ಎತ್ತಿದ್ರು. ಹತ್ತಕ್ಕ ಅಂತ ಎರಡು ಸಲ ಹೇಳಿದೆ. ಅವರೇ ಮರತಿರಬೇಕುರಿ. ಹಳ್ಳಿ ಮಂದಿ, ಅವರಿಗಿ ಮ್ಯಾಚ್ ಅಂದ್ರ ಏನು ತಿಳೀತದ್ರಿ” ಅಂದೆ.

ಆ ಶುಕ್ರವಾರ ಕಾಕಾನ ಫೋನ್ ನಿನ್ನ ಹತ್ರನೇ ಇತ್ತು. ಮ್ಯಾಚಿನ ಹಿಂದಿನ ದಿನ ನೀ ಅದನ್ನ ಕೈ ಬಿಡಂಗಿಲ್ಲ, ನಂಗ ಮಾಲೂಮ್ ಅದ. ನಾ ಹೇಳೋದು ಝೂಟ್ ಅಂತ ನಿಂಗ ಆಗಿಂದಾಗೇ ಗೊತ್ತಾಯ್ತು. ನನ್ನ ಮಾರಿ ನೋಡ್ದಿ ನೀ. ಈಗ ಒದರ್ತಾಳ, ಈಗ ಒದರ್ತಾಳ ಅಂತ ನಾ ಕಾಯ್ಕೋತ ನಿಂತೆ. ನೀ ಮೇಡಂ ಕಡಿ ತಿರುಗಿ ಏನಂದಿ? “ಅಪ್ಪ ಹೇಳಿದ್ದರಿ ಮೇಡಂ. ಬರಾಬರ್ ಹೇಳಿದ್ದ. ಬಸ್ ನಂದೇ ತಪ್ತುರಿ.”

ಎಂಟು ದಿನ ಅಂದ್ಕೊಂಡೆ, ಗೆಳತಿ ಅಂತ ನನ್ನ ಉಳಿಸ್ದಿ ನೀ ಅಂತ. ಅದಕ್ಕೇ ಸಿಟ್ಟು. ಉಳಿಸು ಅಂತ ನಿನ್ನ ಕಾಲು ಹಿಡದಿದ್ದೆನೇನು?

ಅದು ಹಾಂಗಲ್ಲ, ಅಲ್ಲೇನು?

ಮಾರಿ ತಗ್ಗಿಸಬ್ಯಾಡ. ಹಾಂಗಲ್ಲ ಅಂತ ಹೇಳು. ನೀ ಕಾಕಾನ ಹೆಸರಿಗಿ ಮಾತು ಬರಬಾರ್ದಂತ ನಿನ್ನ ಮ್ಯಾಲ ಹಾಕ್ಕೊಂಡಿ. ಪ್ರಾಕ್ಟೀಸ್ ತಡಾ ಆದ ದಿನ ನೀ ನಮ್ಮ ಮನ್ಯಾಗ ಉಳಕೋತಿ ಅಂತ ನಿಮ್ಮೂರ ಮಂದಿ ಎಷ್ಟು ಅಂದ್ರು! “ಕ್ರಿಶ್ಚನ್ರ ಮನ್ಯಾಗ ಉಣ್ತಾಳ, ಮಲಗ್ತಾಳ, ಬಸವಣ್ಣೆಪ್ಪಗ ನಾಚಿಕಿ ಇಲ್ಲ” ಅಂದ್ರು. ಕಾಕಾ ಕಟ್ಟಿ ಮ್ಯಾಲ ಎಲ್ಲರ ಮುಂದ ಹೇಳಿದ್ರಂತ, “ಬಸವಣ್ಣನ ಮಾತು ಗ್ವಾಡಿ ಮ್ಯಾಲ ಬರಕೊಳ್ಳಿಕ್ಕಷ್ಟೇ ಏನು? ಜೂಲಿನೂ ನನ್ನ ಮಗಳೇ” ಅಂತ. ನೀನೇ ನಂಗ ಹೇಳಿದ್ದಿ, ಬಸ್ಸಿನ್ಯಾಗ, ಹೆಮ್ಮಿಲೆ. ಆ ಮನಷ್ಯಾನ ಮ್ಯಾಲ ಹಾಕ್ದೆ ನಾ. ಹಳ್ಳಿ ಮಂದಿ ಅಂದೆ. ನೀ ಈಗ ಮನ್ಯಾಗ ಏನು ಹೇಳಿರಬೇಕು? ಆಡಿ ಸೋತು ಬಂದೆ ಅಂತ ಹೇಳಿರ್ತಿ. ಜೂಲಿ ಹಿಂಗ ಮಾಡಿದ್ಳು ಅಂತ ತಿಳದ್ರ ಅವರು ಆ ಕಟ್ಟಿ ಮ್ಯಾಲ ಹ್ಯಾಂಗ ಕುಂದ್ರತಾರ ಅಂತ…

ಯಾಕ? ಯಾಕ ಕೈ ಮಾಡ್ತಿ? ಸುಮ್ನಿರ್ಬೇಕೇನು? ಸುಮ್ನಿರಂಗಿಲ್ಲ ನಾ! ಎಂಟು ದಿನ ಸುಮ್ನಿದ್ದು ಸಾಕಾಗ್ಯಾದ. ಊರೇ ಕೇಳ್ಲಿ. ಅಳ್ತಿ? ಇಷ್ಟೊತ್ತು ಅಳಲಿಲ್ಲ, ಈಗ್ಯಾಕ ಅಳ್ತಿ? ಏನು ನೋಡ್ತಿ ನನ್ನ ಹಿಂದ…

ಕಾಕಾ.

ನೀವು… ಹೊಲಕ್ಕ ಹೋಗ್ಯಾರ ಅಂದಿದ್ರುರಿ ನಿಮ್ಮ ಮನ್ಯಾಗ. ಯಾವಾಗ ಬಂದ್ರಿ? ಎಷ್ಟೊತ್ತಾತ್ರಿ ನಿಂತು?

ಅಕಿ ಕಡಿ ನೋಡಬ್ಯಾಡ್ರಿ ಕಾಕಾ. ಅಕಿದು ಏನೂ ಇಲ್ರಿ. ನಿಮಗ ಗೊತ್ತಾಗಬಾರ್ದಂತ ಅಕಿ ಎಂಟು ದಿನ ಒಬ್ಬಾಕಿನೇ ನುಂಗಿದ್ಳುರಿ. ನಾ ಬಂದು ನಿಮ್ಮ ಅಂಗಳದಾಗೇ ನಿಂತು ಒದರಿಬಿಟ್ಟೆ.

ಏನರೆ ಅನ್ರಿ. ಬೈರಿ. ಹೋಗು ನಮ್ಮ ಮನಿ ಬಿಟ್ಟು ಅನ್ರಿ. ಹಾಂಗ ಕುಂದ್ರಬ್ಯಾಡ್ರಿ ಕಾಕಾ, ಮಣ್ಣಾಗ… ಚಾಪಿ ಮ್ಯಾಲರೆ ಕುಂದ್ರಿ. ನಾ ನಾಳಿ ಮೇಡಂ ಮುಂದ ಹೋಗ್ತೇನ್ರಿ. ನಿಮಗ ಯಾರೂ ಫೋನ್ ಹಚ್ಚಿರಲಿಲ್ಲ ಅಂತ ಹೇಳ್ತೇನಿ. ಇಡೀ ಟೀಮ್ ಮುಂದ ಹೇಳ್ತೇನಿ. ಲಿಸ್ಟಿಂದ ನನ್ನ ಹೆಸರು ತಗೀರಿ ಅಂತೇನಿ. ಅಕಿ ಹೆಸರು ಹಾಕ್ತಾರೋ ಇಲ್ಲೋ ನಂಗ ಗೊತ್ತಿಲ್ರಿ, ಹಾಕ್ತಾರಂತ ಸುಳ್ಳು ಹೇಳಂಗಿಲ್ಲ…

ಕಾಕಾ?

ಶಿವಕಾಂತಾ, ನೀನರೆ ಒಂದು ಮಾತು ಆಡಲೇ. ಒಂದೇ. ಬೈಗಳಾದ್ರೂ ನಡೀತದ.

ಏನಿದು? ನನ್ನ ಬ್ಯಾಗ್ ಯಾಕ ತಂದು ಕೊಡ್ತಿ?

…ಹೂಂ.

ಕೊಡು. ಹೋಗ್ತೇನಿ.