ಮೋತ್ಯಾನ ಮುಂದ ಆಡಿದ ಮಾತು

…ಕೇಳು ಅವರಿಗೆ, ಮೋತ್ಯಾ! ಕೇಳು! ನಿನ್ನ ಕೊಲ್ಲಾಕ ದನದ ಡಾಕ್ಟರನ್ನ ಕರಿಸ್ಯಾರ, ಇನ್ನ ಮಾರಿ ಯಾಕ ಆ ಕಡೆ ತಿರುವಿ ಕುಂತಾರ ಅಂತ ಕೇಳು. ನಾ ಕೇಳಂಗಿಲ್ಲ. ನಾ ಯಾಕ ಕೇಳ್ಲಿ? ಆ ಶೇಂಗಾ ಚಟ್ನಿ ದಿವಸದಿಂದ ಈ ಕಸ್ತೂರಬಾಯಿ ಆ ರತ್ನಾಬಾಯಿ ಸಂಗಾಟ ಒಂದ ಮಾತ ನೇರ ಆಡಿಲ್ಲ, ಇವತ್ತೂ ಆಡಂಗಿಲ್ಲ. ನಂದೇನಿದ್ರೂ ನಾಯಿ ಮುಂದ, ನಿನ್ನ ಮುಂದ. ಕೇಳೂದಿದ್ದವರು ಕೇಳಲಿ. ನೆಗೆಣ್ಣಿ ಆದವರಿಗೆ ಕಿವಿ ಭಾಳ ಚುರುಕ ಇರ್ತಾವ.

ಏಳಬ್ಯಾಡ, ಏಳಬ್ಯಾಡ ನನ ರಾಜಾ… ಹಿಂದಿನ ಎರಡೂ ಕಾಲ ಬಿದ್ದ ಹೋಗ್ಯಾವ, ಎಲ್ಲಿ ಏಳತಿ? ಮಲ್ಕೋ. ನಿನ್ನ ಜಾಗಾದಾಗ ಮಲ್ಕೋ. ಆ ಕಡೆ ನಿಮ್ಮ ದೊಡ್ಡವ್ವನ ಬಾಗಲಾ, ಈ ಕಡೆ ನಿಮ್ಮ ಸಣ್ಣವ್ವನ ಬಾಗಲಾ, ನಡುವ ನಿನ್ನ ತಟ್ಟಿನ ಚೀಲ. ಅಣ್ಣತಮ್ಮರು ಒಂದ ಗಾದಿ ಮ್ಯಾಲ ಕುಂತು ಚಾದರ ಮಾರತಾರ, ಅವರ ಹೆಂಡರು ಒಂದ ಅಂಗಳದಾಗ ಎರಡ ಒಲಿ ಹಚ್ಚತಾರ. ಸೋಲಾಪುರದ ಈ ಮಂಗಳವಾರ ಪೇಠಿ ಓಣಿಗೆಲ್ಲ ಗೊತ್ತದ. ನಗಲಿ ಪೇಠ! ನನಗೇನ?

ಅಯ್ಯ, ಇದೇನಿದು? ನಿನ್ನ ಕೆಳಗ ಏನ ಹಾಸ್ಯಾರ ಇದು? ಹೊಸಾ ಚಾದರ! ಇನ್ನ ಮಡಿಕಿ ಸೈತ ಮುರಿದಿಲ್ಲ. ನೋಡ, ನೋಡ ಇವರ ಕಾಳಜಿ! ಥಂಡಿಯಾಗ ನಡಗಾಕತ್ತಾಗ ಎಲ್ಲಿ ಹೋಗಿತ್ತೋ ಈ ಚಾದರ? ಇವತ್ತ, ಒಯ್ದು ಮಣ್ಣಾಗ ಇಡೂ ದಿವಸ ಪೆಟ್ಟಿಗಿಯಿಂದ ಹೊರಗ ಬಂತು. ಹೇಳವರಿಗೆ… ಸತ್ತ ಮ್ಯಾಲ ಮಾಡೂ ಉಪಚಾರ ನಮಗ ಬ್ಯಾಡ ಅಂತ ಹೇಳು.

ಏನೂ ಅನ್ನಂಗಿಲ್ಲ. ನೋಡಿದೇನು? ಮುಂಜಾನಿಂದ ಹಿಂಗ ಅದ. ಬಾಯಿಗೆ ಕುಲೂಪ, ಕೀಲಿ ಹಾಕಿದಂಗ! ಇಷ್ಟ ವರ್ಷ ನಾ ನಿನ್ನ ಮುಂದ ಒಂದ ಅಂದ್ರ ಅವರು ನಿನ್ನ ಮುಂದ ಎರಡ ಅಂತಿದ್ರು. "ಮೋತ್ಯಾ, ನಳಕ್ಕ ನೀರ ಬಂದಾವ, ಕೆಲವರಿಗೆ ಇನ್ನ ಬೆಳಗಾಗಿಲ್ಲೇನು ಕೇಳು." "ಮೋತ್ಯಾ, ಯಾರದೋ ಹಾಲು ಉಕ್ಕಾಕತ್ತದ, ನಿಮ್ಮ ಸಣ್ಣವ್ವ ರೇಡಿಯೋ ಕೇಳಾಕತ್ತಾಳೇನು ನೋಡು." ನೀ ನಡುವ ಕುಂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಗೋಣು ತಿರುಗಸಾಂವ. ಒಬ್ಬರ ಮಾತೂ ತಪ್ಪಸ್ಲಿಲ್ಲ ನೀ. ಎರಡೂ ಮನಿ ಹಾಲು ಭಾಕರಿ ತಿಂದಿ, ಇಬ್ಬರ ಬೈಗಳಾನೂ ತಿಂದಿ. ಬರಗಾಲ ಬಂತು, ಹೋತು. ಎಮರ್ಜನ್ಸಿ ಬಂತು, ಅದೂ ಹೋತು. ನಮ್ಮ ಇಬ್ಬರದು ಮಾತ್ರ ಹಂಗ ಉಳೀತು.

ಮತ್ತ ನಂದೇನ ಚೂಕ, ಏನ ತಪ್ಪ? ನೀನ ಹೇಳು, ನೀ ಇದ್ದೆಲ್ಲ ಅವತ್ತ, ಹೊಸ್ತಲದಾಗ ಕುಂತಿದ್ದಿ. ಅವರ ಮಗಳನ್ನ ನೋಡಾಕ ಮಂಗಳವೇಢೆ ಪಾವಣ್ಯಾರು ಬಂದಿದ್ರು. ಮುಂಜಾನಿಂದ ಒಳ್ಳಿನ ಮುಂದ ಕುಂತಾಕಿ ನಾನು! ಬಳ್ಳೊಳ್ಳಿ, ಜೀರಗಿ, ಖಾರಾ, ಶೇಂಗಾ… ಎಣ್ಣಿ ಬಿಡೂ ತನಕಾ ಕುಟ್ಟೀನಿ. ರಟ್ಟಿ ಬಿದ್ದ ಹೋಗಿದ್ವು. ಪಾವಣ್ಯಾರು ಖಡಕ್ ಭಾಕರಿ ಮುರದು, ಚಟ್ನಿ ಹಚಗೊಂಡು, ಆಹಾಹಾ ಅಂದು, "ಯಾರ ಕೈದ್ರಿ ಇದು?" ಅಂತ ಕೇಳಿದ್ರು. ಇವರೇನಂದ್ರು? ನೆನಪದ ಇಲ್ಲ ನಿನಗ? "ಆಕಿ ಬರೇ ಕುಟ್ಟ್ಯಾಳ್ರೀ, ಕೈ ನಂದು." ಬರೇ ಕುಟ್ಟ್ಯಾಳ! ಬರೇ! ಮಂದಿ ಮುಂದ! ನಾ ಅಡಗಿ ಮನ್ಯಾಗ ನಿಂತು ಕೇಳೀನಿ. ಆ ದಿವಸ ನಾ ಒಲಿ ಬ್ಯಾರೆ ಮಾಡೀನಿ.

ಯಾಕ ನಗಾಕತ್ತಾರ? ಮೋತ್ಯಾ, ಯಾಕ ನಗಾಕತ್ತಾರಂತ ಕೇಳು! ಸೆರಗ ಬಾಯಿಗೆ ಒತಿಗೊಂಡಾರ, ಹೆಗಲ ಅಲಗಾಡಾಕತ್ತಾವ. ನಗೂದೇನದ ಇದರಾಗ? ನನಗ ಇನ್ನೂ ನೆನಸಿದ್ರ ಮೈಯೆಲ್ಲ ಉರೀತದ… ಏನು? ನಗಾಕತ್ತಿಲ್ಲ? ಮತ್ತೇನ ಮಾಡಾಕತ್ತಾರ?

…ಏನರ ಮಾಡಲಿ. ಈಗ ಅತ್ತರ ನಾ ಕರಗಂಗಿಲ್ಲ. ಡಾಕ್ಟರಗ ನಿರೋಪ ಕಳಿಸಿದವರು ಅವರು. ನಾ ಅಲ್ಲ.

ಗಂಡಸರನ್ನಂತೂ ಕೇಳಲೇಬ್ಯಾಡ. ಇಬ್ಬರೂ ಮುಂಜಾನೆ ಚಹಾ ಕುಡದು ಕಾಲ ಕಿತ್ತರು. "ನಮಗ ನೋಡಾಕ ಆಗಂಗಿಲ್ಲ, ಅಂಗಡಿಗೆ ಹೋಗ್ತೀವಿ." ನೋಡಾಕ ಆಗಂಗಿಲ್ಲಂತ! ಚಾದರ ಮಾರಾಕ ಆಗ್ತದ! ಈ ಗಂಡಸರು ಎಸ್ಟಿ ಬಸ್ ಸ್ಟ್ಯಾಂಡಿನಿಂದ ತಂದ್ರೇನ ನಿನ್ನ? ತಂದಾಕಿ ನಾನು.

ನಾನ ತಂದೀನಿ! ಹಂಗ್ಯಾಕ ಗೋಣ ಎತ್ತಿ ನೋಡ್ತಾರ ನಿಮ್ಮ ದೊಡ್ಡವ್ವ? ಅಂ? ಕೊಯ್ನಾ ಡ್ಯಾಮಿನ ಕಡೆ ಭೂಕಂಪ ಆಗಿ ನೆಲಾ ನಡಗಿತಲ್ಲ, ಆ ವರ್ಷ. ಇಬ್ಬರೂ ಕೂಡೇ ಅಕ್ಕಲಕೋಟಕ್ಕ ಹೋಗಿದ್ವಿ, ಸ್ವಾಮಿ ಮಠಕ್ಕ. ಹೌದು, ಅವಾಗ ಮಾತಾಡತಿದ್ವಿ… ಭಾಳ ಮಾತಾಡತಿದ್ವಿ. ಸ್ಟ್ಯಾಂಡಿನಾಗ ಕಬ್ಬಿನ ರಸದ ಅಂಗಡಿ ಬಗಲಾಗ, ಸಿಪ್ಪಿ ರಾಶಿಯಾಗ ಕುಂಯ್ ಕುಂಯ್ ಅನ್ನಾಕತ್ತಿದ್ದಿ ನೀ. ಒಂದ ಹಿಡಿ ಇದ್ದಿಲ್ಲ. ಮೊದಲ ಅವರು ನೋಡಿದ್ರು, ಒಪ್ಪಗೋತೀನಿ. ಎತ್ತಿಕೊಂಡಾಕಿ ಮಾತ್ರ ನಾನು. ಪ್ರಸಾದದ ಪಿಶವ್ಯಾಗ, ಕೈಚೀಲದಾಗ ಇಟಗೊಂಡೆ, ಮ್ಯಾಲ ಸೆರಗ ಮುಚ್ಚಿದೆ. ಬಸ್ಸಿನಾಗ ಕುಂತ ಮ್ಯಾಲ ಸುರು ಹಚಗೊಂಡಿ ನೋಡು, ಕುಂಯ್, ಕುಂಯ್… ಕಂಡಕ್ಟರ್ ನೋಡಿದ್ರ ಇಳಿಸೇ ಬಿಡ್ತಿದ್ದ. ಅವಾಗ ನಿಮ್ಮ ದೊಡ್ಡವ್ವ ಏನ ಮಾಡಿದ್ರ ಗೊತ್ತೇನು?

ಕೆಮ್ಮಾಕ ಹತ್ತಿದ್ರು.

ನೀ ಕುಂಯ್ ಅಂದ್ರ ಅವರು ಖೊಕ್! ನೀ ಮತ್ತ ಕುಂಯ್, ಅವರು ಖೊಕ್ ಖೊಕ್! ಸೋಲಾಪುರ ಬರೂ ತನಕಾ ಕೆಮ್ಮಿದ್ರು ಪುಣ್ಯಾತ್ಮರು. ಮುಂದಿನ ಸೀಟಿನಾಕಿ ಕೂಸಿನ ಮಾರಿ ಮುಚಗೊಂಡು ಎದ್ದ ಹೋದ್ಲು. ಕಂಡಕ್ಟರ್ ಬಂದು, "ಬಾಯಿ, ಯಾಂನಾ ಆಧೀ ದವಾಖಾನ್ಯಾತ ನ್ಯಾ," ಅಂದಾ. ಮೊದಲ ದವಾಖಾನಿಗೆ ಒಯ್ರಿ ಅಂತ! ಇಳದ ಮ್ಯಾಲ ಇಬ್ಬರೂ ರಸ್ತೆದಾಗ ನಿಂತು ನಕ್ಕಿದ್ದಂದ್ರ… ಪಿಶವಿ ತಗದು ನೋಡತೀವಿ, ಪೇಢಾ ಒಂದೂ ಉಳಿದಿಲ್ಲ. ಖೋಡಿ! ಸ್ವಾಮಿ ಪ್ರಸಾದ ಪೂರಾ ಮುಗಿಸಿ ಮಲಗಿದ್ದಿ.

ಆಮ್ಯಾಲೂ ಅಷ್ಟ. ಚಟ್ನಿ ಆದ ಮ್ಯಾಲೂ… ನನಗ ವಿಷಮಜ್ವರ ಬಂದಾಗ ಒಳಗ ಕಾಲ ಇಡಲಿಲ್ಲ ಅವರು. ಹಟಾ! ಹೊಸ್ತಲ ಹೊರಗ ಕುಂತು ನಿನಗ ಕೇಳಾವ್ರು, "ಮೋತ್ಯಾ, ಗಂಜಿ ಕುಡದ್ಲೇನೋ ಆಕಿ? ಬೆವತ್ಲೇನು? ಹೊಚಗೊಂಡು ಮಲಗು ಅನ್ನು." ನಾ ಒಳಗಿಂದ, "ಮೋತ್ಯಾ, ಗಂಜಿಗೆ ಉಪ್ಪ ಹಾಕೂದು ಮರತಾರಂತ ಹೇಳು." ನೀ ಇಲ್ಲದಿದ್ರ ಆ ಗಂಜಿ ಸೈತ ಬರ್ತಿದ್ದಿಲ್ಲ.

ಬ್ಯಾಡ, ನೆಕ್ಕಬ್ಯಾಡ ಅಲ್ಲೆ. ಆ ಹುಣ್ಣಿನ ಗಡ್ಡಿ ಒಡದದ, ನೋವಾಗ್ತದ. ಗೊತ್ತದ, ಗೊತ್ತದ…

ಆ ಡಾಕ್ಟರ್ ಬಂದರ ಬರ್ತಾನೋ ಇಲ್ಲೋ. ಸರ್ಕಾರಿ ದನದ ದವಾಖಾನಿ ಮಂದಿ! ಅವರು ಎರಡ ಸರ್ತಿ ಹೇಳಿ ಕಳಿಸಿದ್ರು, ಬಂದನೇನು? ಬರಲಿಲ್ಲ. ನಾ ಅವಾಗನ ಅಂದೆ, ಬರದಿದ್ದ ಚಲೋ ಆತು, ದೇವರು ಸಿದ್ಧರಾಮನ ಮನಸಿನಾಗ ಇಲ್ಲ ಅಂತ. ಇವತ್ತೂ ಬರಂಗಿಲ್ಲ ನೋಡ ಬೇಕಾದ್ರ. ಬರಂಗೇ ಇ…

ಸೈಕಲ್ ಘಂಟಿ.

ಬಂದ್ರೇನ್ರಿ? ಬರ್ರಿ, ಬರ್ರಿ ಡಾಕ್ಟರ್ ಸಾಹೇಬ್ರ! ಯಮಗ ಸೈಕಲ್ ಕೊಟ್ಟಾರಂತ ಗೊತ್ತಿದ್ದಿಲ್ಲ ನನಗ. ಚೀಲ ಅಲ್ಲೆ ಇಡ್ರಿ. ದೂರ! ಅದಕ್ಕ ವಾಸನಿ ಬಡೀತದ, ಅಂಜತದ. ಸಾಲಿ ಕಲತೀರಿ, ಇಷ್ಟ ದೊಡ್ಡ ಸರ್ಕಾರಿ ನೌಕರಿ, ಒಂದ ನಾಯಿ ಬದುಕಸೂ ಔಷಧ ಇಲ್ಲೇನ್ರಿ ನಿಮ್ಮ ಹಂತ್ಯಾಕ? ಕೊಲ್ಲೂದಷ್ಟ ಕಲಿಸ್ಯಾರೇನು?

ಏನಂದ್ರಿ?

"ಇವತ್ತರ ಒಳಗ ಬಿಟ್ರಿ" ಅಂತೀರಾ? ಯಾರ ಬಿಟ್ಟಿದ್ದಿಲ್ಲ ನಿಮಗ? ಏ… ಸಾಹೇಬ್ರ, ಹಳೀ ಮಾತ ಯಾಕ ಈಗ, ನಿಮ್ಮ ಕೆಲಸ ನೋಡ್ರಿ. ಏನು? ಯಾವ ಬಾಯಾರು? ನಾನು? ನಾ ತಲಬಾಗಿಲಾಗ ನಿಂತು ಹೇಳಿದ್ನೇನು, "ನಾಯಿಗೆ ಆರಾಮ ಆಗ್ಯದ, ಎದ್ದು ಓಡ್ಯಾಡಾಕತ್ತದ, ಹೋಗಿ ಬರ್ರಿ" ಅಂತ? …ಹೇಳಿದ್ರ ಹೇಳಿರಬೇಕು. ನನಗೇನ ನೆನಪ… ಮೆಲ್ಲಕ ಮಾತಾಡ್ರಿ! ಆ ಬಾಯಾರಿಗೆ ಕೇಳಸ್ತದ.

ಕೇಳಿಸ್ತು.

ಮೋತ್ಯಾ. ಹಂಗ ನೋಡಬ್ಯಾಡಂತ ಹೇಳವರಿಗೆ. ಏನಿದ್ರೂ ಬಾಯಿ ಬಿಟ್ಟು ಅನ್ನಂತ ಹೇಳು. ನಿನ್ನ ಮುಂದ ಅನ್ನಲಿ! ಬೈಯಲಿ! ಸುಳ್ಳಿ ಅನ್ನಲಿ… ಸುಮ್ಮನ ನೋಡೂದ್ಯಾಕ? ಕಣ್ಣ ಪಿಳುಕಸವಲ್ಲರು. ಹೇಳೋ ಅವರಿಗೆ!

ಹೌದು! ಕಳಿಸೀನಿ! ಎರಡೂ ಸರ್ತಿ ವಾಪಸ ಕಳಿಸೀನಿ! ಅವರು ಗುಡಿಗೆ ಹೋಗೂ ಹೊತ್ತ ನೋಡಿ ಮುದ್ದಾಮ ತಲಬಾಗಿಲಾಗ ಕುಂತಿದ್ದೆ. ಏನ ಮಾಡತಾರ? ನಿನ್ನ ತ್ರಾಸ ನನಗ ಕಾಣಸ್ತಿದ್ದಿಲ್ಲೇನು? ಆ ಹುಣ್ಣು ತೊಳದಾಕಿ ನಾನು, ಹುಳಾ ಆರಿಸಿದಾಕಿ ನಾನು. ಹಲ್ಲ ಕಡದು ನೋಡೀನಿ. ಇನ್ನೊಂದ ದಿವಸ ಇರಲಿ, ಇನ್ನೊಂದ ದಿವಸ ಇರಲಿ ಅಂತ… ನಿನ್ನ ಸಲುವಾಗಿ ಅಲ್ಲೋ ಮೋತ್ಯಾ. ನಿನ್ನ ಸಲುವಾಗಿ ಆಗಿದ್ರ ಯಾವಾಗೋ ಹೂಂ ಅಂತಿದ್ದೆ. ನೀ ಹೋದ್ರ ಈ ಬಾಯಾರನ್ನ ನಾ ಯಾರ ಮುಂದ ಬೈಲಿ? ನಳಕ್ಕ ನೀರ ಬಂದದ್ದು ನನಗ ಯಾರ ಹೇಳ್ತಾರ? ಉಪ್ಪ ಕಮ್ಮಿ ಆತಂತ ನಾ ಯಾರಿಗೆ ಹೇಳ್ಲಿ, ಗ್ವಾಡಿಗೆ ಹೇಳ್ಲೇನು?

ಸಾಹೇಬ್ರ, ಅವಸರ ಮಾಡಬ್ಯಾಡ್ರಿ. ಹೂಂ, ಕೇಳಿಸ್ತು. ಒಬ್ಬರು ಕಾಲ ಹಿಡೀಬೇಕು, ಒಬ್ಬರು ತಲಿ. ಕಾಲ ನಾ ಹಿಡೀತೀನಿ. ತಲಿ… ಮೋತ್ಯಾ, ತಲಿ ಹಿಡೀಯಾಕ ಬರ್ತಾರೇನ ಕೇಳ…

ಎದ್ರು. ಬರಾಕತ್ತಾರ. ಸವಕಾಶ, ಮೊಣಕಾಲ ನೋವದ ಅವರಿಗೆ. ಚಾದರದ ಮ್ಯಾಲ ಕುಂದ್ರಂತ ಹೇಳು. ಹಾಂ. ತೊಡಿ ಮ್ಯಾಲ ಇಟಗೊಂಡ್ರು ನೋಡು ನಿನ್ನ ತಲಿ. ಬಾಲ ಅಲ್ಲಾಡಸ್ತೀಯಾ, ಮುದೋಡ್ಯಾ? ಇಬ್ಬರೂ ಒಂದ ಚಾದರದ ಮ್ಯಾಲ ಕುಂತಾರಂತ ಖುಷಿ ಆತೇನು? ಎಷ್ಟ ವರ್ಷ ಆತೋ…

ಇಲ್ಲ, ನಾ ಹಿಡದೀನಿ ಗಟ್ಟಿ. ಚುಚ್ರಿ. ಚುಚ್ಚಿ ಬಿಡ್ರಿ! ಲಗೂ! …ನನ ರಾಜಾ, ನನ ಬಂಗಾರ, ಆತು, ಆತು, ಇಷ್ಟ, ಮುಗೀತು…

ಯಾರ ಕೆಮ್ಮಾಕತ್ತಾರ?

ಅಕ್ಕಾ!

ಯಾಕ ಕೆಮ್ಮತೀರಿ ಹಂಗ? ಇದೇನ ಎಸ್ಟಿ ಬಸ್ಸೇನ್ರಿ? ಯಾವ ಕಂಡಕ್ಟರ್ ಅದಾನ ಇಲ್ಲೆ? ಜೋರ ಜೋರ ಕೆಮ್ಮತೀರಿ, ಕಣ್ಣಾಗಿಂದ ನೀರ ಸುರಿಯಾಕತ್ತದ… ನನಗ ಕೇಳಬಾರದಂತೇನು? ನನ್ನ ಸಲುವಾಗೇನು? ಬಿಡ್ರಿ ಅಕ್ಕಾ, ನನಗ ಕೇಳಿಸ್ತು. ನೀವೆಷ್ಟ ಕೆಮ್ಮಿದ್ರೂ ಕೇಳಿಸ್ತು. ಅದು ಕುಂಯ್ ಅನ್ನೂದು ನಿಂತು ಎಷ್ಟೊತ್ತಾತು, ಸಾಕ ಮಾಡ್ರಿ. ಎದಿ ನೋಯ್ತದ ನಿಮಗ.

ಮೋತ್ಯಾ, ಹೇಳ ಅವರಿ…

…

ಅಕ್ಕಾ? ಒಂದ ಗುಟುಕ ನೀರ ತರಲೇನು?

ಮೋತ್ಯಾನ ಮಾರಿ ಯಾಕ ನೋಡತೀರಿ? ನಾ ನಿಮಗ ಕೇಳಾಕತ್ತೀನಿ. ನಿಮಗ.